ಕೀಬೋರ್ಡ್ ದೋಷ ಪರಿಹಾರ

ಬ್ರೌಸರ್‌ನಲ್ಲಿ ಆಡುವ ಆಟಕ್ಕೂ ಮನೆಯ ಕೀಬೋರ್ಡಿಗೂ ಮಾತು ಬಿಟ್ಟಾಗ ಏನು ಮಾಡಬೇಕೆಂಬ ಶಾಸ್ತ್ರ ನಮ್ಮಲ್ಲಿ ಇನ್ನೂ ಬೆಳೆಯಬೇಕಾದಷ್ಟು ಬೆಳೆದಿಲ್ಲ. ಯಾವ ವಿಶ್ವವಿದ್ಯಾಲಯವೂ ಇದಕ್ಕೊಂದು ಪೀಠ ಸ್ಥಾಪಿಸಿಲ್ಲ. ಅಕಾಡೆಮಿ ಇಲ್ಲ, ಅದಕ್ಕೆ ಅಧ್ಯಕ್ಷರಿಲ್ಲ, ಹಾಗಾಗಿ ಮನನೊಂದು ರಾಜೀನಾಮೆ ಕೊಟ್ಟವರೂ ಇಲ್ಲ. ಇದ್ದಷ್ಟು ವಿದ್ಯೆ ಆಯಾ ಮನೆತನದ 'ಕಂಪ್ಯೂಟರ್ ಗೊತ್ತಿರೋರ' ಕೈಯಲ್ಲೇ ಉಳಿದಿದೆ. ಈ ಹುದ್ದೆಗೆ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಯಾರದೋ ಮನೆಯಲ್ಲಿ ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆದು ತೆಗೆದವರು ಅಂದಿನಿಂದ ಆಜೀವ ತಜ್ಞರು. ನಮ್ಮ ಮನೆತನದಲ್ಲಿ ಆ ಸ್ಥಾನ ನನ್ನದು. ಕಿರಿಯ ತಜ್ಞರಿಗೆ ಉಪಯೋಗವಾಗಲೆಂದು ಕೆಲವು ಸೂತ್ರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲನೆಯದು ದೂರು ಕೇಳುವ ಕ್ರಮ. ದೂರು ಯಾವಾಗಲೂ ಫೋನಿನಲ್ಲಿ ಬರುತ್ತದೆ, ಅಕ್ಕನ ಫೋನಿನಿಂದ, ಮಾತಾಡುವವಳು ಸೋದರಸೊಸೆ.

"ಮಾವ, ಮುಂದಕ್ಕೆ ಹೋಗ್ತಾನೇ ಇಲ್ಲ."

"ಯಾರು?"

"ನಾನು."

ಆಟಗಾರರು ತಮ್ಮನ್ನೂ ಪರದೆಯ ಮೇಲಿನ ಗೊಂಬೆಯನ್ನೂ ಬೇರೆ ಮಾಡಿ ಹೇಳುವುದಿಲ್ಲ. ಈ ಅದ್ವೈತಕ್ಕೆ ತಜ್ಞ ತಲೆಕೆಡಿಸಿಕೊಳ್ಳಬಾರದು. ಹಿನ್ನೆಲೆಯಲ್ಲಿ ಕೇಳಿಸುವ ಸಾಕ್ಷ್ಯಗಳಿಗೆ ಕಿವಿಗೊಡಬೇಕು. ಅಕ್ಕ ಹೇಳುವುದು, "ನಿನ್ನೆವರೆಗೂ ಚೆನ್ನಾಗೇ ಇತ್ತು ಕಣೋ." ಭಾವ ಹೇಳುವುದು, "ವೈರಸ್ ಬಂದಿರ್ಬೇಕು." ಅಜ್ಜಿ ಹೇಳುವುದು, "ಆ ಪಾಟಿ ಕುಟ್ಟಿದ್ರೆ ಇನ್ನೇನಾಗುತ್ತೆ?" ಮೂರರಲ್ಲಿ ಅಜ್ಜಿಯದೇ ವಿಜ್ಞಾನಕ್ಕೆ ಹತ್ತಿರದ ಮಾತು. ಆದರೆ ಒಪ್ಪಿಕೊಳ್ಳಬೇಕಾದದ್ದು ಭಾವನವರದು. "ಇರಬಹುದು ಭಾವ, ಬಂದು ನೋಡ್ತೀನಿ" ಎನ್ನಬೇಕು. ಫೋನಿನಲ್ಲೇ ಪರಿಹಾರ ಹೇಳಿಬಿಡುವವರು ಈ ಕ್ಷೇತ್ರದಲ್ಲಿ ಬಹಳ ದಿನ ಉಳಿಯುವುದಿಲ್ಲ.

ಮನೆಗೆ ಹೋದ ಮೇಲೆ ಕೀಬೋರ್ಡನ್ನು ಮುಟ್ಟುವ ಮೊದಲು ಸುಮ್ಮನೆ ನೋಡಬೇಕು. ಅದರ ಚರಿತ್ರೆಯೆಲ್ಲ ಮೈಮೇಲೆಯೇ ಇರುತ್ತದೆ. ಅಕ್ಕನ ಮನೆಯ ಕೀಬೋರ್ಡಿಗೆ ಕೊಂಡ ದಿನ ಹಾಕಿದ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದೆ. ತೆಗೆದರೆ ಹಳೆಯದಾಗುತ್ತದೆ ಎಂಬುದು ಭಾವನವರ ನಿಲುವು. ಆ ಹೊದಿಕೆ ಎಲ್ಲ ಕಡೆ ನೆಟ್ಟಗಿದ್ದು ಎಡಗಡೆ ನಾಲ್ಕೇ ನಾಲ್ಕು ಕೀಗಳ ಮೇಲೆ ತೂತು ಬಿದ್ದಿದೆ: ಡಬ್ಲ್ಯೂ, ಎ, ಎಸ್, ಡಿ. ಕಂಪ್ಯೂಟರ್ ಬಳಸುವುದು ಪ್ರಾಜೆಕ್ಟ್ ವರ್ಕಿಗೆ ಮಾತ್ರ ಎಂದು ಮಕ್ಕಳು ಹೇಳಿಕೆ ಕೊಟ್ಟಿದ್ದಾರೆ. ಈ ನಾಲ್ಕೇ ಅಕ್ಷರಗಳಲ್ಲಿ ಬರೆದು ಮುಗಿಸಬಹುದಾದ ಪ್ರಾಜೆಕ್ಟ್ ವರ್ಕ್ ಯಾವ ತರಗತಿಯ ಪಠ್ಯಕ್ರಮದಲ್ಲೂ ಇದ್ದಂತಿಲ್ಲ. ಆದರೂ ತಜ್ಞ ಬಾಯಿ ಬಿಡಬಾರದು. ಗ್ರಾಹಕರ ಗೌಪ್ಯ ಕಾಪಾಡುವುದು ವೃತ್ತಿಧರ್ಮ.

ಎಂಟರ್ ಕೀ ಮೇಲೆ ಆಯುಧಪೂಜೆಯ ಕುಂಕುಮವಿರುತ್ತದೆ. ಒಣ ಕುಂಕುಮದಿಂದ ಅಪಾಯ ಕಡಿಮೆ. ನೀರಿನಲ್ಲಿ ತೇದ ಗಂಧ ಕೀ ಸಂದಿಗೆ ಇಳಿದು ಗಟ್ಟಿಯಾಯಿತೆಂದರೆ ಆ ಕೀ ಒತ್ತಿದ ಮೇಲೆ ಮೇಲೇಳುವುದಕ್ಕೆ ಯೋಚನೆ ಮಾಡುತ್ತದೆ. ಸಿಪಿಯು ಮೇಲೆ ಹೂವು ಇಡಿ, ಮಾನಿಟರಿಗೆ ವಿಭೂತಿ ಹಚ್ಚಿ, ಅಭ್ಯಂತರವಿಲ್ಲ. ಕೀಬೋರ್ಡಿನ ಮೇಲೆ ಮಾತ್ರ ಕೊಯ್ದ ನಿಂಬೆಹಣ್ಣು ಇಡಬೇಡಿ.

ನಂತರ ವೈರು ಕಳಚಿ, ಕೀಬೋರ್ಡನ್ನು ಮಗುಚಿ ಹಿಡಿದು, ಹಳೆಯ ಪೇಪರ್ ಹಾಸಿ ಬೆನ್ನು ತಟ್ಟಬೇಕು. ಮನೆಯವರೆಲ್ಲ ಸುತ್ತ ನಿಂತಿರುವಾಗ ಮಾಡಿದರೆ ಪರಿಣಾಮ ಹೆಚ್ಚು. ಉದುರುವುದು ಓಂಪುಡಿ, ಖಾರಾಬೂಂದಿ, ಅವಲಕ್ಕಿ ಒಗ್ಗರಣೆಯ ಸಾಸಿವೆ, ಪೆನ್ಸಿಲ್ ಹೆರೆದ ಸಿಪ್ಪೆ. ಕೋಡುಬಳೆ ಸಿಗುವುದಿಲ್ಲ, ಅದರ ಗಾತ್ರ ದೊಡ್ಡದು. ಸಾಧಾರಣ ಕೀಬೋರ್ಡಿನೊಳಗೆ ಮೂರು ಪದರದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ ವಿದ್ಯುತ್ ಹರಿಯುವ ಗೆರೆ ಎಳೆದಿರುತ್ತಾರೆ, ನಡುವಿನದಕ್ಕೆ ಕೀ ಇರುವ ಜಾಗದಲ್ಲೆಲ್ಲ ತೂತು. ಕೀ ಒತ್ತಿದಾಗ ರಬ್ಬರ್ ಗುಮ್ಮಟ ಕುಸಿದು ಎರಡು ಗೆರೆಗಳು ಆ ತೂತಿನಲ್ಲಿ ಒಂದನ್ನೊಂದು ಮುಟ್ಟಬೇಕು. ಕೀ ಕೆಳಗೆ ಓಂಪುಡಿ ಕೂತರೆ ಅದು ಪೂರ್ತಿ ಇಳಿಯುವುದಿಲ್ಲ, ಗೆರೆಗಳು ಮುಟ್ಟುವುದಿಲ್ಲ. ತಿಂಡಿ ತಿನ್ನುವುದು ಬಲಗೈಯಲ್ಲಿ, ಬಾಣದ ಕೀಗಳು ಇರುವುದೂ ಬಲಗಡೆ. ಆದ್ದರಿಂದ ಬಾಣದ ಕೀಗಳಿಂದ ಆಡುವ ಆಟಗಳಿಗೆ ಓಂಪುಡಿ ದೋಷ ಹೆಚ್ಚು.

ಇಷ್ಟೆಲ್ಲ ಮಾಡಿದರೂ ಗೊಂಬೆ ಸಾಮಾನ್ಯವಾಗಿ ಮುಂದೆ ಹೋಗುವುದಿಲ್ಲ. ಯಾಕೆಂದರೆ ದೋಷ ಕೀಬೋರ್ಡಿನಲ್ಲಿ ಇರುವುದೇ ಅಪರೂಪ.

ಇನ್ನು ಹೇಳುವುದು ಕಿರಿಯ ತಜ್ಞರಿಗೆ ಮಾತ್ರ, ಮನೆಯವರು ದಯವಿಟ್ಟು ಮುಂದಿನ ಪ್ಯಾರಾಕ್ಕೆ ಹೋಗಬೇಕು. ಒತ್ತಿದ ಕೀ ಪರದೆಯ ಮೇಲಿರುವ ಎಲ್ಲಕ್ಕೂ ಕೇಳಿಸುವುದಿಲ್ಲ. ಪುಟದಲ್ಲಿ ಯಾವ ಭಾಗಕ್ಕೆ ಫೋಕಸ್ ಇದೆಯೋ, ಅಂದರೆ ಬಹುಮಟ್ಟಿಗೆ ಕೊನೆಯ ಸಲ ಎಲ್ಲಿ ಕ್ಲಿಕ್ ಮಾಡಿದ್ದೀರೋ, ಅದಕ್ಕೆ ಮಾತ್ರ. ಬ್ರೌಸರ್ ಆಟ ಎಷ್ಟೋ ಸಲ ಐಫ್ರೇಮ್ ಎಂಬ ಚೌಕಟ್ಟಿನಲ್ಲಿ ಕೂತಿರುತ್ತದೆ. ಸುತ್ತಲೂ ಜಾಹೀರಾತು, ಸರ್ಚ್ ಡಬ್ಬಿ, ಇನ್ನಷ್ಟು ಆಟಗಳ ಚಿತ್ರ. ಆಟಗಾರ್ತಿ ಜಾಹೀರಾತಿನ ಇಂಟು ಗುರುತು ಒತ್ತಿದಳು. ಫೋಕಸ್ ಆಟದಿಂದ ಹೊರಗೆ ಬಂತು. ಈಗ ಆಕೆ ಒತ್ತುವ ಡಬ್ಲ್ಯೂಗಳೆಲ್ಲ ಪುಟಕ್ಕೆ ಸಲ್ಲುತ್ತಿವೆ, ಪುಟಕ್ಕೆ ಅವು ಬೇಕಿಲ್ಲ. ಪರಿಹಾರ ಇಷ್ಟೇ: ಆಟದ ಮೇಲೆ ಮೌಸ್ ತಂದು ಒಂದು ಸಲ ಕ್ಲಿಕ್ ಮಾಡುವುದು. ಆದರೆ ಬಂದವರೇ ಹಾಗೆ ಮಾಡಿದರೆ ಮುಂದಿನ ಸಲ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಮೊದಲು ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಮೇಲೆ ಕೆಳಗೆ ಏರಿಳಿಯುವ ಅಂಕಿಗಳನ್ನು ನೋಡಿ "ಹ್ಞೂಂ" ಅನ್ನಿ. ಭಾವನವರನ್ನು ಕರೆದು ಬ್ರೌಸರ್ ಎಷ್ಟು ಮೆಮೊರಿ ತಿನ್ನುತ್ತಿದೆ ತೋರಿಸಿ. ಕಿಟಕಿ ಮುಚ್ಚಿ, ಏನೋ ನೆನಪಾದವರ ಹಾಗೆ ಆಟದ ಮೇಲೆ ಕ್ಲಿಕ್ ಮಾಡಿ, "ಈಗ ನೋಡಮ್ಮ" ಅನ್ನಿ. ಸರಿಹೋದದ್ದು ಟಾಸ್ಕ್ ಮ್ಯಾನೇಜರಿನಿಂದ ಎಂದು ಮನೆ ಮಂದಿಯೆಲ್ಲ ನಂಬುತ್ತಾರೆ, ನೀವು ಒಂದು ಸುಳ್ಳನ್ನೂ ಹೇಳಿರುವುದಿಲ್ಲ.

ಫೋಕಸ್ ತಪ್ಪಿದೆ ಎಂಬುದಕ್ಕೆ ಬಾಹ್ಯ ಲಕ್ಷಣ ಒಂದುಂಟು. ಸ್ಪೇಸ್ ಒತ್ತಿದರೆ ಆಟದ ವೀರ ನೆಗೆಯುವ ಬದಲು ಪುಟವೇ ನೆಗೆಯುತ್ತದೆ. ಸ್ಪೇಸ್ ಒತ್ತಿದರೆ ಪುಟ ಒಂದು ಪರದೆಯಷ್ಟು ಕೆಳಗೆ ಸರಿಯಬೇಕು, ಬಾಣ ಒತ್ತಿದರೆ ಸ್ವಲ್ಪ ಸರಿಯಬೇಕು ಎಂಬುದು ಬ್ರೌಸರಿನ ಹಳೆಯ ಪದ್ಧತಿ. ಬೇಡವೆಂದು ಆಟ ಬರೆದವರು ತಡೆಯಬಹುದು. ಕೆಲವರು ತಡೆಯಲು ಮರೆತಿರುತ್ತಾರೆ. ಆಗ ವೀರನೂ ನೆಗೆಯುತ್ತಾನೆ, ಪುಟವೂ ಸರಿಯುತ್ತದೆ. ಅವನು ಎಲ್ಲಿ ಇಳಿದನೆಂದು ತಿಳಿಯುವಷ್ಟರಲ್ಲಿ ಆಟಗಾರ್ತಿ ನಿವೇಶನ ಮಾರಾಟದ ಜಾಹೀರಾತು ಓದುತ್ತಿರುತ್ತಾಳೆ.

ಈ ಡಬ್ಲ್ಯೂ-ಎ-ಎಸ್-ಡಿ ಎಲ್ಲಿಂದ ಬಂತೆಂದು ಹಿರಿಯರು ಕೇಳುವುದುಂಟು. ಉತ್ತರ ತಜ್ಞನ ಬಳಿ ಸಿದ್ಧವಿರಬೇಕು. ಅದನ್ನು ಜನಪ್ರಿಯಗೊಳಿಸಿದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಅಮೆರಿಕದ ಡೆನಿಸ್ ಫಾಂಗ್ ಎಂಬ ಆಟಗಾರನಿಗೆ. 1997ರಲ್ಲಿ ಅವನು ಕ್ವೇಕ್ ಆಟದ ಪಂದ್ಯ ಗೆದ್ದಾಗ ಆ ಆಟದ ನಿರ್ಮಾತೃಗಳಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ತಮ್ಮ ಸ್ವಂತ ಫೆರಾರಿ ಕಾರನ್ನೇ ಬಹುಮಾನ ಕೊಟ್ಟರು. ಇದನ್ನು ಮಕ್ಕಳ ಎದುರು ಹೇಳಬಾರದು. ನಾನು ಹೇಳಿದ ಮೇಲೆ ಸೋದರಳಿಯ ಓದುವುದಕ್ಕೆ ಕೂರಿಸಿದಾಗಲೆಲ್ಲ ಫೆರಾರಿಯ ಪ್ರಸ್ತಾಪ ಮಾಡುತ್ತಾನೆಂದು ಅಕ್ಕ ಆಕ್ಷೇಪಿಸಿದ್ದಾಳೆ.

ಕನ್ನಡಿಗರ ಮನೆಗಳಿಗೇ ವಿಶೇಷವಾದ ದೋಷವೊಂದಿದೆ. ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ವಿಂಡೋಸ್‌ನಲ್ಲಿ ಕನ್ನಡ ಸೇರಿಸಿಕೊಂಡಾಗ ಮೊದಲಿಗೆ ಸಿಗುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಭಾವ ಶುಭಾಶಯ ಕಳಿಸಲೆಂದು ಅದನ್ನು ಹಾಕಿಸಿಕೊಂಡಿದ್ದಾರೆ. ಆಟದ ಬಿಸಿಯಲ್ಲಿ ಬೆರಳು ಜಾರಿ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿಹೋದರೆ, ಅಥವಾ ವಿಂಡೋಸ್ ಕೀ ಜೊತೆಗೆ ಸ್ಪೇಸ್ ಒತ್ತಿದರೆ, ಇಂಗ್ಲಿಷ್ ಹೋಗಿ ಕನ್ನಡ ಬರುತ್ತದೆ. ಪರದೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರ ಬದಲಾಗುತ್ತದೆ, ಯುದ್ಧದ ನಡುವೆ ಅದನ್ನು ನೋಡುವವರು ಯಾರು? ಇನ್‌ಸ್ಕ್ರಿಪ್ಟ್‌ನಲ್ಲಿ ಡಬ್ಲ್ಯೂ ಜಾಗದಲ್ಲಿರುವುದು ಐತ್ವ. ಎ ಜಾಗದಲ್ಲಿ ಓತ್ವ, ಎಸ್ ಜಾಗದಲ್ಲಿ ಏತ್ವ, ಡಿ ಜಾಗದಲ್ಲಿ ಅರ್ಧಾಕ್ಷರದ ಚಿಹ್ನೆ. ಅಂದರೆ ವೀರನಿಗೆ ಮುಂದೆ ಹೋಗೆಂದು ಐತ್ವವನ್ನೂ, ಎಡಕ್ಕೆ ತಿರುಗೆಂದು ಓತ್ವವನ್ನೂ, ಹಿಂದೆ ಸರಿಯೆಂದು ಏತ್ವವನ್ನೂ ಕಳಿಸಲಾಗುತ್ತಿದೆ. ಒಂದಕ್ಕೂ ವ್ಯಂಜನದ ಆಸರೆಯಿಲ್ಲ. ಬಲಕ್ಕೆ ಹೋಗೆಂದು ಕಳಿಸಿದ್ದಂತೂ ಇದ್ದ ಸ್ವರವನ್ನೂ ಕಿತ್ತುಕೊಳ್ಳುವ ಗುರುತು. ಇಂಥ ಆಜ್ಞೆ ಕೇಳಿ ವೀರ ನಿಂತಲ್ಲೇ ನಿಲ್ಲುವುದು ವ್ಯಾಕರಣದ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರ ಮನೆಯಲ್ಲಿ ನುಡಿ ತಂತ್ರಾಂಶ ಇರುತ್ತದೆ. ಅದರಲ್ಲಿ ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ. ಡಬ್ಲ್ಯೂ ಒತ್ತಿದರೆ ಡ, ಎಸ್ ಒತ್ತಿದರೆ ಸ, ಡಿ ಒತ್ತಿದರೆ ದ. ಇಲ್ಲಿ ವ್ಯಂಜನಗಳಾದರೂ ಇವೆ, ಆದರೆ ಫಲ ಅದೇ. ಸ್ಕ್ರೋಲ್ ಲಾಕ್ ಒತ್ತಿ ಇಂಗ್ಲಿಷಿಗೆ ಮರಳಬೇಕು. ಸ್ಕ್ರೋಲ್ ಲಾಕ್ ಕೀಯನ್ನು ಜಗತ್ತು ಹೆಚ್ಚುಕಡಿಮೆ ಮರೆತಿದೆ. ಅದಕ್ಕಿನ್ನೂ ದಿನದ ಕೂಲಿ ಕೊಡುತ್ತಿರುವವರು ನಾವು.

ಎಲ್ಲ ಆಟಗಳಿಗೂ ಈ ದೋಷ ತಗಲುವುದಿಲ್ಲ. ಯಾವ ಅಕ್ಷರ ಬಂತೆಂದು ಕೇಳುವ ಆಟಗಳಿವೆ, ಯಾವ ಜಾಗದ ಕೀ ಒತ್ತಿದರೆಂದು ಕೇಳುವ ಆಟಗಳಿವೆ. ಎರಡನೆಯ ಜಾತಿಯವು ಕೀಬೋರ್ಡ್ ಕನ್ನಡದಲ್ಲಿದ್ದರೂ ಓಡುತ್ತವೆ. ಫ್ರಾನ್ಸಿನವರಿಗೂ ಇದೇ ಗೋಳು. ಅವರ ಕೀಬೋರ್ಡಿನಲ್ಲಿ ಡಬ್ಲ್ಯೂ ಇರಬೇಕಾದಲ್ಲಿ ಝಡ್ ಇದೆ, ಎ ಇರಬೇಕಾದಲ್ಲಿ ಕ್ಯೂ ಇದೆ. ಕನ್ನಡದಲ್ಲಿ ಹೇಳಿದರೆ ವೀರ ಕೇಳುವುದಿಲ್ಲ ಎಂಬ ವಿಷಯದಲ್ಲಿ ನಮ್ಮ ಸಂಘಟನೆಗಳು ಈವರೆಗೆ ಮನವಿ ಸಲ್ಲಿಸಿದಂತಿಲ್ಲ. ಬರುವ ನವೆಂಬರ್‌ಗೆ ಪರಿಶೀಲಿಸಬಹುದು.

ಕಂಟ್ರೋಲ್ ದೋಷ ಇದಕ್ಕಿಂತ ಉಗ್ರ. ಹಲವು ಯುದ್ಧದ ಆಟಗಳಲ್ಲಿ ಕಂಟ್ರೋಲ್ ಒತ್ತಿ ಹಿಡಿದರೆ ವೀರ ಬಗ್ಗಿ ನಡೆಯುತ್ತಾನೆ. ಬಗ್ಗಿಕೊಂಡು ಎಡಕ್ಕೆ ಹೋದರೆ ಕಂಟ್ರೋಲ್-ಎ, ಪುಟವೆಲ್ಲ ನೀಲಿಯಾಗುತ್ತದೆ. ಹಿಂದಕ್ಕೆ ಹೋದರೆ ಕಂಟ್ರೋಲ್-ಎಸ್, ಈ ಪುಟವನ್ನು ಯಾವ ಫೋಲ್ಡರಿನಲ್ಲಿ ಇಡಲಿ ಎಂದು ಕಂಪ್ಯೂಟರ್ ಕೇಳುತ್ತದೆ. ಬಲಕ್ಕೆ ಹೋದರೆ ಕಂಟ್ರೋಲ್-ಡಿ, ಪುಟ ಬುಕ್‌ಮಾರ್ಕ್ ಆಗುತ್ತದೆ. ಈ ಮೂರನ್ನೂ ಆಟ ಬರೆದವರು ತಡೆಯಬಹುದು. ಬಗ್ಗಿಕೊಂಡು ಮುಂದಕ್ಕೆ ಹೋದರೆ ಕಂಟ್ರೋಲ್-ಡಬ್ಲ್ಯೂ, ಟ್ಯಾಬೇ ಮುಚ್ಚಿಹೋಗುತ್ತದೆ, ಶತ್ರುವಿನ ಗುಂಡಿಗೆ ಕಾಯುವ ಅಗತ್ಯವೇ ಇಲ್ಲ. ಇದನ್ನು ತಡೆಯಲು ಕ್ರೋಮ್ ಸಾಮಾನ್ಯ ಟ್ಯಾಬಿನಲ್ಲಿರುವ ಆಟಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಆದ್ದರಿಂದ ಬ್ರೌಸರಿನಲ್ಲಿ ಬಗ್ಗಿ ನಡೆಯುವವರು ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ ನಡೆಯಬೇಕು. ಬಗ್ಗಿದವರು ಮುಂದೆ ಹೋಗಲಾರರೆಂಬುದಕ್ಕೆ ಕಚೇರಿಗಳಲ್ಲಿ ಮಾತ್ರ ಆಧಾರ ಸಿಗುವುದಿಲ್ಲ. ಆಟದ ಸೆಟ್ಟಿಂಗ್ಸ್‌ನಲ್ಲಿ ಬಗ್ಗುವ ಕೀಯನ್ನು ಸಿ ಅಕ್ಷರಕ್ಕೆ ಬದಲಿಸಿಕೊಟ್ಟರೆ ಸಾಕು. ಬದಲಿಸುವ ಮುನ್ನ ಒಂದು ಲೋಟ ಕಾಫಿ ಕೇಳಿ ಕುಡಿಯಬೇಕು. ಕೆಲಸಕ್ಕೆ ತೂಕ ಬರುವುದು ಆಗಲೇ.

ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ವಿಂಡೋಸ್ 'ಸ್ಟಿಕ್ಕಿ ಕೀಸ್' ಬೇಕೇ ಎಂದು ಕೇಳುತ್ತದೆ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಹಿಡಿದರೆ 'ಫಿಲ್ಟರ್ ಕೀಸ್' ಬೇಕೇ ಎಂದು ಕೇಳುತ್ತದೆ. ಎರಡು ಕೀಗಳನ್ನು ಒಟ್ಟಿಗೆ ಒತ್ತಲಾಗದವರಿಗೆ, ಕೈ ನಡುಗುವವರಿಗೆ ನಿಜವಾಗಿ ಉಪಕಾರವಾಗುವ ವ್ಯವಸ್ಥೆಗಳು ಇವು. ಓಟದ ಆಟದಲ್ಲಿ ಶಿಫ್ಟ್ ಕುಟ್ಟುವ ಮಕ್ಕಳಿಗೆ ಇವು ದಾರಿಯಲ್ಲಿ ಅಡ್ಡ ಬಂದ ಸಮೀಕ್ಷೆಯವರು. ಏನು ಕೇಳಿದರೆಂದು ಓದದೆ ಯೆಸ್ ಒತ್ತಿ ಮುಂದೆ ಹೋಗುತ್ತಾರೆ. ಫಿಲ್ಟರ್ ಕೀಸ್ ಚಾಲೂ ಆದ ಮೇಲೆ ಥಟ್ಟನೆ ಒತ್ತಿ ಬಿಟ್ಟ ಕೀಗಳನ್ನು ಕಂಪ್ಯೂಟರ್ ಲೆಕ್ಕಕ್ಕೇ ಹಿಡಿಯುವುದಿಲ್ಲ, ನಿಧಾನವಾಗಿ ಒತ್ತಿದರೆ ಮಾತ್ರ ಕೇಳುತ್ತದೆ. ಈ ಅವಧಿಯಲ್ಲಿ ಆ ಮನೆಯಲ್ಲಿ ಸಲೀಸಾಗಿ ಟೈಪ್ ಮಾಡಬಲ್ಲವರು ಅಜ್ಜಿ ಒಬ್ಬರೇ.

ನಮ್ ಲಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲವು ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಚಾಲೂ ಆದರೆ ಜೆ, ಕೆ, ಎಲ್ ಒತ್ತಿದಾಗ 1, 2, 3 ಬರುತ್ತವೆ. ಆಫ್ ಮಾಡಿ.

ಇನ್ನು ಒಡಹುಟ್ಟಿದವರ ದೋಷ. 'ಫೈರ್‌ಬಾಯ್ ಅಂಡ್ ವಾಟರ್‌ಗರ್ಲ್' ಎಂಬ ಆಟ 2009ರಲ್ಲಿ ಬಂತು. ಬೆಂಕಿಯ ಹುಡುಗ ಬಾಣದ ಕೀಗಳಿಂದ ನಡೆಯುತ್ತಾನೆ, ನೀರಿನ ಹುಡುಗಿ ಡಬ್ಲ್ಯೂ-ಎ-ಡಿಯಿಂದ. ಒಂದೇ ಕೀಬೋರ್ಡಿಗೆ ಇಬ್ಬರು ಕೂರಬೇಕು, ಇಬ್ಬರೂ ಒಬ್ಬರಿಗೊಬ್ಬರು ನೆರವಾಗಿ ಬಾಗಿಲು ಮುಟ್ಟಬೇಕು. ಮಕ್ಕಳಲ್ಲಿ ಸಹಕಾರ ಬೆಳೆಯಲೆಂದು ಅಕ್ಕನೇ ಹಾಕಿಕೊಟ್ಟದ್ದು. ಅಕ್ಕ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಕೀಬೋರ್ಡಿನ ಒಳಗಿನ ವೈರಿಂಗ್. ನೂರರ ಆಸುಪಾಸಿನ ಕೀಗಳಿಗೆ ಒಂದೊಂದಕ್ಕೂ ಬೇರೆ ತಂತಿ ಎಳೆದರೆ ಖರ್ಚು ಜಾಸ್ತಿ. ಅದಕ್ಕೆ ಅಡ್ಡಸಾಲು, ಉದ್ದಸಾಲು ಮಾಡಿ, ಎರಡು ಸಾಲು ಕೂಡುವ ಕಡೆ ಒಂದು ಕೀ ಇಡುತ್ತಾರೆ. ಎರಡು ಕೀ ಒತ್ತಿದರೆ ಯಾವುದೆಂದು ಗೊತ್ತಾಗುತ್ತದೆ. ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯ ಮೂಲೆಯದೂ ಒತ್ತಿದಂತೆಯೇ ಕಾಣುತ್ತದೆ. ಯಾರೂ ಮುಟ್ಟದ ಆ ಕೀಯ ಹೆಸರೇ ಗೋಸ್ಟ್. ದೆವ್ವ ಕಾಣಿಸಿಕೊಳ್ಳದಿರಲೆಂದು ಅಗ್ಗದ ಕೀಬೋರ್ಡುಗಳು ಮೂರನೆಯ ಕೀಯನ್ನೇ ನುಂಗಿಬಿಡುತ್ತವೆ. ಪ್ರತಿ ಕೀಗೂ ಡಯೋಡ್ ಹಾಕಿದ ದುಬಾರಿ ಕೀಬೋರ್ಡುಗಳಿಗೆ ಈ ಕಾಟವಿಲ್ಲ.

ಹೀಗಾಗಿ ಸೋದರಸೊಸೆಯ ತಮ್ಮ ಮೇಲಿನ ಬಾಣ, ಬಲಬಾಣ ಎರಡನ್ನೂ ಅದುಮಿ ಹಿಡಿದಿದ್ದಾಗ ಅವಳು ಒತ್ತಿದ ಡಬ್ಲ್ಯೂ ಎಲ್ಲಿಗೂ ತಲುಪುವುದಿಲ್ಲ. ನೀರಿನ ಹುಡುಗಿ ನೆಗೆಯದೆ ಬೆಂಕಿಯ ಕುಂಡಕ್ಕೆ ಬಿದ್ದು ಆವಿಯಾಗುತ್ತಾಳೆ. "ಅವನು ಬೇಕಂತ ಮಾಡಿದ" ಎನ್ನುತ್ತಾಳೆ ಸೊಸೆ. "ನಾನು ನನ್ನ ಕೀ ಒತ್ತಿದ್ದು" ಎನ್ನುತ್ತಾನೆ ತಮ್ಮ. ಇಬ್ಬರದೂ ನಿಜ, ಆದರೆ ವಿಚಾರಣೆ ಅಡುಗೆಮನೆಯಿಂದ ನಡೆಯುತ್ತದೆ, ಶಿಕ್ಷೆ ದೊಡ್ಡವಳಿಗಾಗುತ್ತದೆ. ಅಡ್ಡಸಾಲು ಉದ್ದಸಾಲು ವಿವರಿಸಲು ನಾನು ಬಾಯಿ ತೆರೆದಾಗ "ನೀನು ಮಧ್ಯೆ ಬರಬೇಡ" ಎಂಬ ಆದೇಶ ಬಂದದ್ದರಿಂದ ಈ ಪ್ರಕರಣದಲ್ಲಿ ತಾಂತ್ರಿಕ ಸಾಕ್ಷ್ಯ ದಾಖಲಾಗಿಲ್ಲ. ಎರಡನೆಯ ಯುಎಸ್‌ಬಿ ಕೀಬೋರ್ಡ್ ಒಂದನ್ನು ಸಿಕ್ಕಿಸಿಬಿಟ್ಟರೆ ವಿಂಡೋಸ್ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುತ್ತದೆ, ಜಗಳವೂ ನಿಲ್ಲುತ್ತದೆ. ಪಾಲು ಪಟ್ಟಿ ಇಷ್ಟು ಕಡಿಮೆ ಖರ್ಚಿನಲ್ಲಿ ಬಗೆಹರಿಯುವುದು ನಮ್ಮಲ್ಲಿ ಅಪರೂಪ.

ಏನು ಒತ್ತಿದರೂ ಆಟವೇ ಕಾಣದೆ ಬೂದು ಚೌಕ ಮಾತ್ರ ಇದ್ದರೆ ಅದು ಫ್ಲ್ಯಾಶ್ ಕಾಲದ ಆಟ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಓಡದಂತೆಯೂ ಮಾಡಿತು. ಇಲ್ಲಿ ಕೀಬೋರ್ಡ್ ನಿರಪರಾಧಿ. ಹಳೆಯ ಆಟಗಳನ್ನು ರಫಲ್ ಎಂಬ ಎಮ್ಯುಲೇಟರ್ ಬಹಳಷ್ಟು ಮಟ್ಟಿಗೆ ಎಬ್ಬಿಸಿ ಕೂರಿಸುತ್ತದೆ.

ಎಲ್ಲ ಆದ ಮೇಲೆ ಕೀಬೋರ್ಡ್ ಗುಣವಾಯಿತೇ ಎಂದು ಪರೀಕ್ಷಿಸಬೇಕು. ಸಾಮಾನ್ಯ ಜನ ನೋಟ್‌ಪ್ಯಾಡ್ ತೆಗೆದು ಒಂದೊಂದೇ ಕೀ ಒತ್ತಿ ನೋಡುತ್ತಾರೆ. ಸರಿಯಾದ ವಿಧಾನವೂ ಅದೇ, ಆದರೆ ಅದರಲ್ಲಿ ಗಾಂಭೀರ್ಯವಿಲ್ಲ. ನಾನು ಬಳಸುವುದು 2008ರಲ್ಲಿ ಬೆನೆಟ್ ಫಾಡಿ ರಚಿಸಿದ ಕ್ವಾಪ್ ಎಂಬ ಆಟ. ನೂರು ಮೀಟರ್ ಓಟ. ಕ್ಯೂ ಮತ್ತು ಡಬ್ಲ್ಯೂ ಓಟಗಾರನ ತೊಡೆಗಳಿಗೆ, ಓ ಮತ್ತು ಪಿ ಮೀನಖಂಡಗಳಿಗೆ. ಎಂಥವರು ಆಡಿದರೂ ಎರಡು ಹೆಜ್ಜೆಗೆ ಓಟಗಾರ ಬೆನ್ನು ಕೆಳಗಾಗಿ ಬೀಳುತ್ತಾನೆ. ಅವನು ಬಿದ್ದರೆ ನಾಲ್ಕು ಕೀಗಳೂ ಕೆಲಸ ಮಾಡುತ್ತಿವೆ ಎಂದರ್ಥ. ಸಲೀಸಾಗಿ ಓಡಿಬಿಟ್ಟರೆ ಎಲ್ಲೋ ಏನೋ ಕೆಟ್ಟಿದೆ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಬೇಕು.

ಸ್ಪೇಸ್ ಒಂದನ್ನೇ ಪರೀಕ್ಷಿಸಲು ಇಂಟರ್‌ನೆಟ್ ತಂತಿ ಕಿತ್ತರೆ ಸಾಕು. ಕ್ರೋಮ್‌ನಲ್ಲಿ 2014ರಿಂದ ಇರುವ ಡೈನೋಸಾರ್ ಪ್ರತ್ಯಕ್ಷವಾಗುತ್ತದೆ, ಸ್ಪೇಸ್ ಒತ್ತಿದರೆ ಕಳ್ಳಿಗಿಡವನ್ನು ಹಾರಿ ದಾಟುತ್ತದೆ. ಈ ಆಟ ಮುಗಿಯಲು ಸುಮಾರು 1.7 ಕೋಟಿ ವರ್ಷ ಬೇಕೆಂದು ಅದನ್ನು ಮಾಡಿದವರೇ ಹೇಳಿದ್ದಾರೆ. ಅಕ್ಕನ ಮನೆಯ ಕೀಬೋರ್ಡಿನ ವಾರಂಟಿ ಒಂದು ವರ್ಷ. ಆಟ ಅರ್ಧಕ್ಕೆ ನಿಲ್ಲುವ ಸಂಭವವನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ಒಳ್ಳೆಯದು.

ಓದುಗರಲ್ಲಿ ಒಂದು ವಿನಂತಿ. ಸಲಹೆ ಬೇಕಾದವರು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಕರೆಯಬಹುದು. ಶುಲ್ಕವಿಲ್ಲ, ಹೋಳಿಗೆ ಇದ್ದರೆ ಮೊದಲೇ ತಿಳಿಸಿ. ಒಂದೇ ಷರತ್ತು: ಪ್ಯಾರಾ ಹಾರಿಸಿ ಓದಿ ಎಂದಾಗ ಹಾರಿಸದೆ ಓದಿದವರು ನಾನು ಬರುವವರೆಗೆ ದಯವಿಟ್ಟು ಆಟದ ಮೇಲೆ ಕ್ಲಿಕ್ ಮಾಡಬಾರದು.